ಮೆಲುದನಿಯ ತಪ್ಪೊಪ್ಪಿಗೆ



ಇವತ್ತಿನ ಮಾತು ಒಂದೇ ಒಂದು ಹಾಡಿನ ಬಗ್ಗೆ. ಅಮೆರಿಕದ ಹಾಡು. ಅದರ ಹೆಸರು ‘ಆಲ್ವೇಸ್ ಆನ್ ಮೈ ಮೈಂಡ್’. ನಿಮ್ಮಲ್ಲಿ ಹಲವರು ಇದನ್ನು ಕೇಳಿರುತ್ತೀರಿ. ಕೇಳದವರಿಗೂ ನನ್ನ ಮಾತು ತಿಳಿಯುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಈ ಹಾಡನ್ನು 1972ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದರು. ಹತ್ತು ವರ್ಷದ ಮೇಲೆ, 1982ರಲ್ಲಿ, ವಿಲ್ಲಿ ನೆಲ್ಸನ್ ಹಾಡಿದರು. ಎಲ್ವಿಸ್ ಅವರದು ತುಂಬುಕಂಠ. ವಿಲ್ಲಿ ಅವರದು ಸಣ್ಣ ದನಿ, ತುಸು ಮೂಗಿನಲ್ಲಿ ಬರುವ ದನಿ. ಸಾಹಿತ್ಯ ಒಂದೇ. ಧಾಟಿ ಒಂದೇ. ಎರಡೂ ಹೆಚ್ಚುಕಡಿಮೆ ಮೂರೂವರೆ ನಿಮಿಷದ ಹಾಡುಗಳು. ಆದರೂ ಎರಡನ್ನೂ ಕೇಳಿ ಮುಗಿಸಿದಾಗ ಬೇರೆ ಬೇರೆ ಮನುಷ್ಯರ ಕಥೆ ಕೇಳಿದಂತಾಗುತ್ತದೆ. ವಿಲ್ಲಿ ಅವರ ಮೆಲುದನಿ ಆ ಹಾಡಿಗೆ ಏನು ಮಾಡಿತು? ಇವತ್ತು ನಾನು ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು.

ಮೊದಲು ಹಾಡಿನಲ್ಲಿ ಏನಿದೆ ಎಂದು ನೋಡೋಣ. ಸಾಲುಗಳನ್ನು ನಾನು ಹಾಡಿ ತೋರಿಸುವುದಿಲ್ಲ. ಸಾರವನ್ನಷ್ಟೇ ಹೇಳುತ್ತೇನೆ. ಒಬ್ಬರು ತಮ್ಮ ಸಂಗಾತಿಯ ಮುಂದೆ ತಮ್ಮ ಕೊರತೆಗಳನ್ನು ಒಪ್ಪಿಕೊಳ್ಳುತ್ತಾರೆ. ಪ್ರೀತಿ ತೋರಿಸಬೇಕಾದಾಗ ತೋರಿಸಲಿಲ್ಲ. ನಡೆದುಕೊಳ್ಳಬೇಕಾದ ಹಾಗೆ ನಡೆದುಕೊಳ್ಳಲಿಲ್ಲ. ಒಂಟಿಯಾಗಿದ್ದಾಗ ಪಕ್ಕದಲ್ಲಿ ಕೂರಲಿಲ್ಲ. ಸಣ್ಣಪುಟ್ಟ ಒಳ್ಳೆಯ ಮಾತುಗಳನ್ನು ಆಡಬಹುದಿತ್ತು, ಆಡಲಿಲ್ಲ. ಅದಕ್ಕೆ ಸಮಯ ಕೊಡಲಿಲ್ಲ. ಆದರೆ ನೀನು ಮಾತ್ರ ನನ್ನ ಮನಸ್ಸಿನಿಂದ ದೂರವಾಗಿರಲಿಲ್ಲ. ಇಷ್ಟೇ ಹಾಡು.

ಇಲ್ಲಿ ದ್ರೋಹ ಇಲ್ಲ. ಮೂರನೆಯ ವ್ಯಕ್ತಿ ಇಲ್ಲ. ಕುಡಿತ ಇಲ್ಲ, ಜಗಳ ಇಲ್ಲ. ಒಡೆದ ಸಂಬಂಧಗಳ ಹಾಡುಗಳಲ್ಲಿ ಸಾಮಾನ್ಯವಾಗಿ ಇವೆಲ್ಲ ಇರುತ್ತವೆ. ಈ ಹಾಡಿನ ತಪ್ಪು ಬೇರೆ ಜಾತಿಯದು. ಮರೆತದ್ದು, ಮುಂದೂಡಿದ್ದು, ಆಮೇಲೆ ಮಾಡಿದರಾಯಿತು ಅಂದುಕೊಂಡದ್ದು. ಇಂಥ ತಪ್ಪಿಗೆ ಸಾಕ್ಷಿ ಇರುವುದಿಲ್ಲ. ನೆರೆಹೊರೆಯವರಿಗೆ ಕಾಣುವುದಿಲ್ಲ. ಅನುಭವಿಸಿದವರಿಗೆ ಮಾತ್ರ ಗೊತ್ತು. ಬಹಳ ಸಂಸಾರಗಳು ಒಣಗುವುದು ಹೀಗೆಯೇ ಎಂದು ನನಗನ್ನಿಸುತ್ತದೆ. ಆದ್ದರಿಂದ ಈ ಹಾಡು ನನಗೆ ದೊಡ್ಡ ಹಾಡು.

ಹಾಡಿನಲ್ಲಿ ಒಂದು ತೊಡಕೂ ಇದೆ. ನೀನು ಮನಸ್ಸಿನಲ್ಲಿದ್ದೆ ಎಂಬುದು ಸಮಾಧಾನದ ಮಾತೋ, ನೆಪವೋ? ಕೈ ಏನೂ ಮಾಡದಿದ್ದಾಗ, ಬಾಯಿ ಏನೂ ಹೇಳದಿದ್ದಾಗ, ಮನಸ್ಸಿನಲ್ಲಿದ್ದು ಏನು ಪ್ರಯೋಜನ? ಎದುರಿಗೆ ಕೂತ ಹೆಂಡತಿ ಹೀಗೆ ಕೇಳಿದರೆ ಉತ್ತರ ಕೊಡುವುದು ಕಷ್ಟ. ಹಾಡುವವರು ಈ ತೊಡಕನ್ನು ಹೇಗೆ ದಾಟುತ್ತಾರೆ ಎಂಬುದರಲ್ಲೇ ಹಾಡಿನ ಗೆಲುವು, ಸೋಲು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಮತ್ತೆ ಬರುತ್ತೇನೆ.

ಹಾಡಿನ ಸಾರ ಹೇಳಿದೆ. ಈಗ ಅದು ಹುಟ್ಟಿದ ಬಗೆ.

ಬರೆದವರು ಮೂವರು. ವೇಯ್ನ್ ಕಾರ್ಸನ್, ಜಾನಿ ಕ್ರಿಸ್ಟೋಫರ್, ಮಾರ್ಕ್ ಜೇಮ್ಸ್. ಬೀಜ ಕಾರ್ಸನ್ ಅವರದು. ಅವರ ಮನೆ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಕೆಲಸ ದೂರದ ಮೆಂಫಿಸ್ ನಗರದಲ್ಲಿ. ಕಾರ್ಸನ್ ಆಮೇಲೆ ಹೇಳಿಕೊಂಡ ಪ್ರಕಾರ, ಒಮ್ಮೆ ಮೆಂಫಿಸ್‌ಗೆ ಹೋದವರು ಹೇಳಿದ ದಿನಕ್ಕೆ ಹಿಂತಿರುಗಲಿಲ್ಲ. ಫೋನಿನಲ್ಲಿ ಹೆಂಡತಿ ಬೇಸರಪಟ್ಟರು. ಇವರು ಸಮಾಧಾನ ಹೇಳಿದರು. ದೂರ ಇದ್ದೇನೆ ನಿಜ, ಆದರೆ ನಿನ್ನನ್ನೇ ನೆನೆಯುತ್ತಿದ್ದೆ ಎಂದರು. ಹಾಗೆ ಹೇಳುತ್ತಿದ್ದಂತೆಯೇ ಇದೊಂದು ಹಾಡಾದೀತು ಎಂದು ಅವರಿಗೆ ಹೊಳೆಯಿತು. ಹಾಡು ಹುಟ್ಟಿದ್ದು ಒಬ್ಬ ಗಂಡ ಕೊಟ್ಟ ನೆಪದಿಂದ. ನಾನು ಹೇಳಿದ ತೊಡಕು ಬೇರಿನಲ್ಲೇ ಇದೆ.

ಕಾರ್ಸನ್ ಚರಣಗಳನ್ನು ಬರೆದು ಮೆಂಫಿಸ್‌ಗೆ ಒಯ್ದರು. ಅಲ್ಲಿ ಅಮೆರಿಕನ್ ಸೌಂಡ್ ಎಂಬ ಸ್ಟುಡಿಯೊ ಇತ್ತು. ಅದನ್ನು ನಡೆಸುತ್ತಿದ್ದವರು ಚಿಪ್ಸ್ ಮೋಮನ್. ಎಲ್ವಿಸ್ ಅವರ ‘ಸಸ್ಪಿಶಿಯಸ್ ಮೈಂಡ್ಸ್’ ಹಾಡು 1969ರಲ್ಲಿ ಮುದ್ರಣವಾದದ್ದು ಅಲ್ಲೇ. ಅದನ್ನು ಬರೆದವರು ಇದೇ ಮಾರ್ಕ್ ಜೇಮ್ಸ್. ಕಾರ್ಸನ್ ತಂದ ಹಾಡನ್ನು ಮೋಮನ್ ಕೇಳಿದರು. ಮೆಚ್ಚಿದರು. ಆದರೆ ನಡುವೆ ಏನೋ ಕಡಿಮೆ ಇದೆ, ಒಂದು ಬ್ರಿಡ್ಜ್ ಬೇಕು ಎಂದರು. ಬ್ರಿಡ್ಜ್ ಎಂದರೆ ಚರಣಗಳ ನಡುವೆ ಧಾಟಿ ಬದಲಿಸಿಕೊಂಡು ಮೇಲೇರುವ ಒಂದು ಚಿಕ್ಕ ಭಾಗ. ಎರಡೇ ಎರಡು ಸಾಲು ಸಾಕಿತ್ತು. ಕ್ರಿಸ್ಟೋಫರ್, ಜೇಮ್ಸ್ ಕೈಜೋಡಿಸಿದರು. ಆ ಎರಡು ಸಾಲಿನಲ್ಲಿ ಹಾಡು ಬೇಡಿಕೆಗೆ ಇಳಿಯುತ್ತದೆ. ಪ್ರೀತಿ ಇನ್ನೂ ಸತ್ತಿಲ್ಲ ತಾನೇ, ಇನ್ನೊಂದು ಅವಕಾಶ ಕೊಡು ಎಂದು ಕೇಳುತ್ತದೆ.

ಈಗ ಹಾಡಿನಲ್ಲಿ ಎರಡು ಭಾಗ ಆಯಿತು. ಚರಣಗಳಲ್ಲಿ ಒಪ್ಪಿಕೊಳ್ಳುವುದು. ಬ್ರಿಡ್ಜ್‌ನಲ್ಲಿ ಬೇಡುವುದು. ಯಾವುದು ಹೆಚ್ಚು ಕೇಳಿಸಬೇಕು ಎಂದು ತೀರ್ಮಾನಿಸುವುದು ಗಾಯಕರ ಪಾಲಿನ ಕೆಲಸ.

1972ರಲ್ಲಿ ಈ ಹಾಡು ಮೂರು ಕಂಠಗಳಲ್ಲಿ ಬಂತು. ಮೊದಲು ಗ್ವೆನ್ ಮೆಕ್ರೇ ಹಾಡಿದ್ದು ಹೊರಬಿತ್ತು. ಆಮೇಲೆ ಬ್ರೆಂಡಾ ಲೀ. ಇಬ್ಬರೂ ಹೆಂಗಸರು. ಇದನ್ನು ಬಹಳ ಜನ ಮರೆತಿದ್ದಾರೆ. ಗಂಡನ ಬಾಯಿಂದ ಹುಟ್ಟಿದ ನೆಪ ಮೊದಲು ಜನರಿಗೆ ತಲುಪಿದ್ದು ಹೆಣ್ಣಿನ ದನಿಯಲ್ಲಿ, ಹೆಣ್ಣಿನ ತಪ್ಪೊಪ್ಪಿಗೆಯಾಗಿ. ಗ್ವೆನ್ ಮೆಕ್ರೇ ಕರಿಯರ ಸೋಲ್ ಸಂಗೀತದ ಗಾಯಕಿ. ಬ್ರೆಂಡಾ ಲೀ ಎಳೆ ವಯಸ್ಸಿನಿಂದಲೇ ಹಾಡಿ ಹೆಸರಾದವರು. ಇವೆರಡೂ ಆಗ ಹೆಚ್ಚು ಸದ್ದು ಮಾಡಲಿಲ್ಲ. ಸದ್ದು ಮಾಡಿದ್ದು ಮೂರನೆಯದು.

ಹಾಡು ಒಂದು ನೆಪದಿಂದ ಹುಟ್ಟಿತು. ಒಪ್ಪಿಗೆ, ಬೇಡಿಕೆ ಎರಡೂ ಅದರಲ್ಲಿ ಸೇರಿದವು. ಇಷ್ಟಾದ ಮೇಲೆ ಅದು ಎಲ್ವಿಸ್ ಪ್ರೆಸ್ಲಿ ಕೈಗೆ ಬಂತು. ಬಂದ ಗಳಿಗೆ ಎಂಥದ್ದು ನೋಡಿ. 1972ರ ಫೆಬ್ರವರಿಯಲ್ಲಿ ಎಲ್ವಿಸ್ ಮತ್ತು ಅವರ ಹೆಂಡತಿ ಪ್ರಿಸಿಲಾ ಬೇರೆಯಾದರು. ಮಾರ್ಚ್ ಕೊನೆಯಲ್ಲಿ ಹಾಲಿವುಡ್‌ನ ಒಂದು ಸ್ಟುಡಿಯೊದಲ್ಲಿ ಎಲ್ವಿಸ್ ಈ ಹಾಡು ಹಾಡಿದರು. ನಡುವೆ ಇದ್ದದ್ದು ಕೆಲವೇ ವಾರ. ಅದೇ ದಿನಗಳಲ್ಲಿ ಅಲ್ಲೇ ‘ಸೆಪರೇಟ್ ವೇಸ್’ ಎಂಬ ಇನ್ನೊಂದು ಹಾಡನ್ನೂ ಹಾಡಿದರು. ಅದು ಬೇರೆಯಾಗುವ ದಂಪತಿಯ ಹಾಡು. ಎರಡೂ ಒಂದೇ ಗಾನತಟ್ಟೆಯ ಎರಡು ಮಗ್ಗುಲಲ್ಲಿ ಬಂದವು. ಅಮೆರಿಕದಲ್ಲಿ ‘ಸೆಪರೇಟ್ ವೇಸ್’ ಹಾಡನ್ನು ಮುಂದಿಟ್ಟರು. ಬ್ರಿಟನ್ನಿನಲ್ಲಿ ಈ ಹಾಡನ್ನು ಮುಂದಿಟ್ಟರು. ಅಲ್ಲಿ ಇದು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಸೇರಿತು.

ಎಲ್ವಿಸ್ ಅವರಿಗೆ ಆಗ 37 ವರ್ಷ. ಗಾಯ ಹಸಿಯಾಗಿತ್ತು. ಆ ಹಸಿತನ ದನಿಯಲ್ಲಿ ಕೇಳಿಸುತ್ತದೆ. ಹಾಡು ತಗ್ಗಿನಲ್ಲಿ ಶುರುವಾಗುತ್ತದೆ. ಹೋಗುತ್ತಾ ಹೋಗುತ್ತಾ ಪಿಟೀಲುಗಳು ಸೇರುತ್ತವೆ. ಹಿಂದೆ ಹಾಡುವವರ ಗುಂಪು ಸೇರುತ್ತದೆ. ಬ್ರಿಡ್ಜ್ ಬಂದಾಗ ಕಂಠ ಪೂರ್ತಿ ತೆರೆದುಕೊಳ್ಳುತ್ತದೆ. ಇನ್ನೊಂದು ಅವಕಾಶ ಕೊಡು ಎಂಬ ಬೇಡಿಕೆ ಇಡೀ ಸಭೆಗೆ ಕೇಳಿಸುವಂತೆ ಹೊರಡುತ್ತದೆ.

ಇದನ್ನು ನಾನು ಕಡಿಮೆ ಎಂದು ಹೇಳುತ್ತಿಲ್ಲ. ಎಲ್ವಿಸ್ ಅವರ ಈ ಹಾಡು ಚೆಲುವಾದದ್ದು. ನೋವು ಹೊಸದಾಗಿದ್ದಾಗ ಮನುಷ್ಯ ಕೂಗುತ್ತಾನೆ. ಅದು ಸಹಜ. ಆದರೆ ಕೇಳುವಾಗ ನನ್ನ ಕಿವಿ ಎಲ್ವಿಸ್ ಕಡೆಗೇ ಹೋಗುತ್ತದೆ. ಪಾಪ, ಎಷ್ಟು ನೊಂದಿದ್ದಾರೆ ಅನ್ನಿಸುತ್ತದೆ. ಯಾರನ್ನು ನೋಯಿಸಿದರೋ ಅವರು ಮರೆಗೆ ಸರಿಯುತ್ತಾರೆ. ಬೇಡಿಕೆ ದೊಡ್ಡದಾಗಿ, ಒಪ್ಪಿಗೆ ಅದರ ನೆರಳಿಗೆ ಬೀಳುತ್ತದೆ.

ಹತ್ತು ವರ್ಷ ಮುಂದೆ ಹೋಗೋಣ. ಅದಕ್ಕೆ ಮೊದಲು ವಿಲ್ಲಿ ನೆಲ್ಸನ್ ಯಾರು ಎಂದು ಹೇಳಬೇಕು. ಅವರ ದನಿ ಹಾಗೇಕೆ ಆಯಿತು ಎಂಬುದು ಅವರ ಬದುಕಿನಲ್ಲಿದೆ.

ವಿಲ್ಲಿ ಹುಟ್ಟಿದ್ದು 1933ರಲ್ಲಿ, ಟೆಕ್ಸಸ್ ರಾಜ್ಯದ ಆಬಟ್ ಎಂಬ ಪುಟ್ಟ ಊರಿನಲ್ಲಿ. ಹತ್ತಿ ಬೆಳೆಯುವ ಸೀಮೆ. ಅಪ್ಪ ಅಮ್ಮ ಬೇರೆಯಾಗಿ ಹೊರಟುಹೋದರು. ವಿಲ್ಲಿಯನ್ನೂ ಅಕ್ಕ ಬಾಬಿಯನ್ನೂ ಸಾಕಿದವರು ಅಜ್ಜ ಅಜ್ಜಿ. ಸಂಗೀತ ಕಲಿಸಿದವರೂ ಅವರೇ. ಹುಡುಗ ಹೊಲದಲ್ಲಿ ಹತ್ತಿ ಬಿಡಿಸಿದ. ದೊಡ್ಡವರಾದ ಮೇಲೆ ಮನೆಮನೆಗೆ ಹೋಗಿ ಬೈಬಲ್ ಮಾರಿದರು. ವ್ಯಾಕ್ಯೂಮ್ ಕ್ಲೀನರ್ ಮಾರಿದರು. ಮತ್ತು, ಬಾನುಲಿಯ ಕೇಳುಗರಿಗೆ ಇದನ್ನು ಹೇಳಲು ನನಗೆ ಖುಷಿ, 1950ರ ದಶಕದಲ್ಲಿ ಹಲವು ರೇಡಿಯೊ ನಿಲಯಗಳಲ್ಲಿ ಉದ್ಘೋಷಕರಾಗಿ ಕೆಲಸ ಮಾಡಿದರು. ಮೈಕಿನ ಮುಂದೆ ಕೂತು, ಕಾಣದ ಒಬ್ಬ ಕೇಳುಗನ ಜೊತೆ ಮಾತಾಡುವುದನ್ನು ಅಲ್ಲಿ ಕಲಿತರು.

1960ರಲ್ಲಿ ನ್ಯಾಶ್‌ವಿಲ್‌ಗೆ ಹೋದರು. ಅಮೆರಿಕದ ಕಂಟ್ರಿ ಸಂಗೀತದ ರಾಜಧಾನಿ ಅದು. ಅಲ್ಲಿ ಅವರ ಹಾಡುಗಳು ಮಾರಾಟವಾದವು. ದನಿ ಮಾರಾಟವಾಗಲಿಲ್ಲ. ‘ಕ್ರೇಜಿ’ ಎಂಬ ಹಾಡು ಬರೆದರು. 1961ರಲ್ಲಿ ಪ್ಯಾಟ್ಸಿ ಕ್ಲೈನ್ ಅದನ್ನು ಹಾಡಿ ಅಮರಗೊಳಿಸಿದರು. ಈ ಪ್ರಸಂಗದಲ್ಲಿ ಒಂದು ಸ್ವಾರಸ್ಯ ಇದೆ. ವಿಲ್ಲಿ ತಾವೇ ಹಾಡಿ ಮಾದರಿಯೊಂದನ್ನು ಕೊಟ್ಟಿದ್ದರು. ಅದನ್ನು ಅನುಸರಿಸಲು ಪ್ಯಾಟ್ಸಿ ಅವರಿಗೆ ಕಷ್ಟವಾಯಿತು. ಯಾಕೆಂದರೆ ವಿಲ್ಲಿ ತಾಳದ ಜೊತೆಜೊತೆಗೆ ಹಾಡುವುದಿಲ್ಲ. ಕೊನೆಗೆ ಪ್ಯಾಟ್ಸಿ ಆ ಮಾದರಿಯನ್ನು ಬಿಟ್ಟು ತಮ್ಮದೇ ರೀತಿಯಲ್ಲಿ ಹಾಡಿದರು.

ಈ ತಾಳದ ವಿಷಯವನ್ನು ತುಸು ನಿಧಾನವಾಗಿ ಹೇಳಬೇಕು. ವಿಲ್ಲಿ ಅವರ ಮೆಲ್ಲನೆಯ ಹಾಡಿಕೆಯ ಗುಟ್ಟು ಇದರಲ್ಲಿದೆ.

ನಮ್ಮ ಕರ್ನಾಟಕ ಸಂಗೀತದಲ್ಲಿ ತಾಳ ಮೊದಲು ಬಿದ್ದು ಹಾಡು ಆಮೇಲೆ ಎತ್ತುವುದನ್ನು ಅನಾಗತ ಎನ್ನುತ್ತೇವೆ. ಎಷ್ಟು ಬಿಟ್ಟು ಎತ್ತಬೇಕು ಎಂಬುದಕ್ಕೆ ಅಲ್ಲಿ ಲೆಕ್ಕ ಇದೆ. ವಿಲ್ಲಿ ಅವರಲ್ಲಿ ಲೆಕ್ಕ ಹಾಗಲ್ಲ. ತಾಳ ಬೀಳುತ್ತದೆ. ಅವರು ಸುಮ್ಮನಿರುತ್ತಾರೆ. ಸಾಲು ತಪ್ಪಿಹೋಯಿತೇನೋ ಅನ್ನಿಸುವಷ್ಟರಲ್ಲಿ ಹಾಡುತ್ತಾರೆ. ಎರಡು ಪದ ಎಳೆದು, ಮೂರು ಪದ ಒಟ್ಟಿಗೆ ಹೇಳಿ, ಸಾಲಿನ ಕೊನೆಗೆ ತಾಳವನ್ನು ಬಂದು ಸೇರುತ್ತಾರೆ. ಒಂದು ಸಲ ಹಾಡಿದಂತೆ ಇನ್ನೊಂದು ಸಲ ಇಲ್ಲ. ನ್ಯಾಶ್‌ವಿಲ್‌ನ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಅವರು ಪಿಟೀಲು, ಕೋರಸ್ ಹಾಕಿ ಈ ದನಿಯನ್ನು ನೇರ್ಪುಮಾಡಲು ನೋಡಿದರು. ದನಿ ಅದಕ್ಕೆ ಒಗ್ಗಲಿಲ್ಲ.

ನಾವು ಮಾತಾಡುವಾಗ ಏನು ಮಾಡುತ್ತೇವೆ? ಹೇಳಲು ಕಷ್ಟವಾದ ಮಾತಿಗೆ ಮುಂಚೆ ನಿಲ್ಲುತ್ತೇವೆ. ಆಮೇಲೆ ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ವಿಲ್ಲಿ ಹಾಡಿನಲ್ಲಿ ಇದೇ ನಡೆಯುತ್ತದೆ. ತಪ್ಪೊಪ್ಪಿಗೆಯ ಹಾಡಿಗೆ ಇದಕ್ಕಿಂತ ತಕ್ಕ ನಡೆ ಯಾವುದಿದ್ದೀತು?

ಮುಂದೆ ಒಮ್ಮೆ ನ್ಯಾಶ್‌ವಿಲ್ ಬಳಿಯ ಅವರ ಮನೆ ಸುಟ್ಟುಹೋಯಿತು. ಉರಿಯುವ ಮನೆಯೊಳಗೆ ಹೋಗಿ ಗಿಟಾರನ್ನು ಹೊರಗೆ ತಂದರು. ಮಾರ್ಟಿನ್ ಕಂಪನಿಯ ಗಿಟಾರ್, ನೈಲಾನ್ ತಂತಿಯದು. ಹೆಸರು ಟ್ರಿಗರ್. ಒಬ್ಬ ಸಿನಿಮಾ ನಟರ ಕುದುರೆಯ ಹೆಸರನ್ನು ಅದಕ್ಕಿಟ್ಟಿದ್ದಾರೆ. ಬಾರಿಸಿ ಬಾರಿಸಿ ಅದರ ಮೈಯಲ್ಲಿ ಒಂದು ತೂತೇ ಬಿದ್ದಿದೆ. ಇಂದಿಗೂ ಅದನ್ನೇ ನುಡಿಸುತ್ತಾರೆ. ಉಕ್ಕಿನ ತಂತಿಯ ಗಿಟಾರಿಗಿಂತ ಅದರ ನಾದ ಮೆತ್ತಗೆ. ದನಿಗೆ ತಕ್ಕ ವಾದ್ಯ.

ಆಮೇಲೆ ವಿಲ್ಲಿ ಟೆಕ್ಸಸ್‌ಗೆ ವಾಪಸು ಬಂದರು. 1975ರಲ್ಲಿ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಎಂಬ ಆಲ್ಬಂ ಮಾಡಿದರು. ಖರ್ಚು ಸುಮಾರು 4000 ಡಾಲರ್. ಬಹಳ ಅಗ್ಗ. ವಾದ್ಯಗಳು ಎಷ್ಟು ಕಡಿಮೆ ಎಂದರೆ ಕಂಪನಿಯವರು ಕೇಳಿ, ಇದು ಕರಡು ಪ್ರತಿ ಇರಬೇಕು, ಮುಗಿದ ಕೆಲಸ ಅಲ್ಲ ಎಂದುಕೊಂಡರಂತೆ. ಆ ಆಲ್ಬಂನಲ್ಲಿ ‘ಬ್ಲೂ ಐಸ್ ಕ್ರೈಯಿಂಗ್ ಇನ್ ದಿ ರೇನ್’ ಎಂಬ ಹಾಡು ಇದೆ. ಅದೂ ಹಳೆಯದು. ಫ್ರೆಡ್ ರೋಸ್ ಬರೆದದ್ದು. 1940ರ ದಶಕದಲ್ಲಿ ರಾಯ್ ಏಕಫ್ ಹಾಡಿದ್ದರು. ಅದೂ ಅಗಲಿಕೆಯ ಹಾಡೇ. ವಿಲ್ಲಿ ಅದನ್ನು ಒಂದು ಗಿಟಾರಿನ ಮೇಲೆ, ಹೆಚ್ಚುಕಡಿಮೆ ಮಾತಿನ ದನಿಯಲ್ಲಿ ಹಾಡಿದರು. ಗಾಯಕರಾಗಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಅವರು ಏರಿದ್ದು ಆಗಲೇ. ವಯಸ್ಸು 42. ಮೂರು ವರ್ಷದ ಮೇಲೆ ಇನ್ನೊಂದು ಆಲ್ಬಂ ‘ಸ್ಟಾರ್‌ಡಸ್ಟ್’ ಬಂತು. ಅದರ ತುಂಬಾ ಹಳೆಯ ಹಾಡುಗಳು. ಅದು ಕಂಟ್ರಿ ಪಟ್ಟಿಯಲ್ಲಿ ಸುಮಾರು ಹತ್ತು ವರ್ಷ ಇತ್ತು. ಹಳೆಯ ಹಾಡನ್ನು ಮೆಲ್ಲಗೆ ಹಾಡಿದರೆ ಜನ ಕೇಳುತ್ತಾರೆ ಎಂಬುದು ಅಷ್ಟು ಹೊತ್ತಿಗೆ ಖಚಿತವಾಗಿತ್ತು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹಾಡಿನಲ್ಲಿ ಒಪ್ಪಿಗೆ ಇದೆ, ಬೇಡಿಕೆ ಇದೆ. ಎಲ್ವಿಸ್ ಹಾಡಿದಾಗ ಬೇಡಿಕೆ ಮುಂದಾಯಿತು. ವಿಲ್ಲಿ ತಾಳವನ್ನು ಕಾಯಿಸಿ, ಮಾತಿನ ಹಾಗೆ ಹಾಡುವವರು. ಈಗ ಮೈಕಿನ ಬಗ್ಗೆ ಒಂದೆರಡು ಮಾತು.

ಮೆಲ್ಲನೆ ಹಾಡುವುದು ಗಾಯಕರ ಆಯ್ಕೆ ಆದದ್ದು ಮೈಕ್ ಬಂದ ಮೇಲೆ. 1925ರ ಸುಮಾರಿಗೆ ಮೈಕಿನ ಮೂಲಕ ಧ್ವನಿಮುದ್ರಣ ಶುರುವಾಯಿತು. ಅದಕ್ಕೆ ಮುಂಚೆ ಗಾಯಕರು ಒಂದು ದೊಡ್ಡ ಕಹಳೆಯ ಬಾಯಿಗೆ ಹಾಡಬೇಕಿತ್ತು. ಸಣ್ಣ ದನಿ ಮುದ್ರಣವಾಗುತ್ತಲೇ ಇರಲಿಲ್ಲ. ನಮ್ಮ ಕಂಪನಿ ನಾಟಕಗಳ ನಟರೂ ಏರುದನಿಯಲ್ಲೇ ಹಾಡುತ್ತಿದ್ದರು. ಕೊನೆಯ ಸಾಲಿನವರೂ ದುಡ್ಡು ಕೊಟ್ಟು ಬಂದವರು, ಅವರಿಗೂ ಕೇಳಿಸಬೇಕು. ಮೈಕ್ ಬಂದ ಮೇಲೆ ಬಿಂಗ್ ಕ್ರಾಸ್ಬಿ, ಆಮೇಲೆ ಫ್ರಾಂಕ್ ಸಿನಾತ್ರಾ, ಕಿವಿಯ ಪಕ್ಕದಲ್ಲಿ ಹಾಡುವುದನ್ನು ಅಮೆರಿಕಕ್ಕೆ ಕಲಿಸಿದರು. ಸಿನಾತ್ರಾ ಎಂದರೆ ವಿಲ್ಲಿ ಅವರಿಗೆ ಬಹಳ ಮೆಚ್ಚು. ನಮ್ಮಲ್ಲಿ ಆಕಾಶವಾಣಿಯ ಸುಗಮ ಸಂಗೀತ ಕೇಳಿ ಬೆಳೆದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಭಾವಗೀತೆಯನ್ನು ಸಭೆಗೆ ಹಾಡಬಹುದು, ಒಬ್ಬರಿಗೇ ಹಾಡಬಹುದು. ಒಬ್ಬರಿಗೇ ಹಾಡಿದಾಗ ಕವಿತೆಯ ಕೆಲವು ಪದಗಳು ಮೊದಲ ಸಲ ಕೇಳಿಸುತ್ತವೆ.

ಮೆಲ್ಲನೆಯದು ಎಂದರೆ ಶಕ್ತಿ ಇಲ್ಲದ್ದು ಎಂದು ಯಾರೂ ತಿಳಿಯಬಾರದು. ಏರುದನಿಯಲ್ಲಿ ಒಂದು ಸ್ವರ ಸ್ವಲ್ಪ ಅಲುಗಿದರೆ ವಾದ್ಯಗಳು ಮುಚ್ಚುತ್ತವೆ. ಮೆಲುದನಿಯಲ್ಲಿ ಉಸಿರೂ ಬಯಲಾಗುತ್ತದೆ. ಮೆಲ್ಲಗೆ ಹಾಡಲು ಧೈರ್ಯ ಬೇಕು.

ಮೈಕಿನ ವಿಷಯ ಸಾಕು. ಈಗ ಆ ಹಾಡಿಗೆ ಬರೋಣ.

1980ರ ದಶಕದ ಆರಂಭ. ಟೆಕ್ಸಸ್‌ನ ಆಸ್ಟಿನ್ ನಗರದ ಹೊರಗೆ, ಪೆಡರ್ನಾಲಿಸ್ ಎಂಬಲ್ಲಿ ವಿಲ್ಲಿ ಅವರದೇ ಸ್ಟುಡಿಯೊ ಇತ್ತು. ಅಲ್ಲಿ ಮರ್ಲ್ ಹ್ಯಾಗರ್ಡ್ ಎಂಬ ಇನ್ನೊಬ್ಬ ದೊಡ್ಡ ಗಾಯಕರ ಜೊತೆ ಕೆಲಸ ನಡೆದಿತ್ತು. ಹಾಡು ಬರೆದ ಮೂವರಲ್ಲಿ ಒಬ್ಬರಾದ ಜಾನಿ ಕ್ರಿಸ್ಟೋಫರ್ ಈ ಹಾಡನ್ನು ಅವರಿಬ್ಬರ ಮುಂದಿಟ್ಟರು. ಮರ್ಲ್ ಅವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ವಿಲ್ಲಿ ಅವರ ಮನಸ್ಸಿಗೆ ನಾಟಿತು. ಒಬ್ಬರೇ ಹಾಡಲು ನಿರ್ಧರಿಸಿದರು. ಮುದ್ರಣದ ಹೊಣೆ ಯಾರದು ಗೊತ್ತೇ? ಅದೇ ಚಿಪ್ಸ್ ಮೋಮನ್ ಅವರದು. ವರ್ಷಗಳ ಹಿಂದೆ ಮೆಂಫಿಸ್‌ನಲ್ಲಿ ಬ್ರಿಡ್ಜ್ ಬೇಕು ಎಂದು ಹಟ ಹಿಡಿದವರೇ ಈಗ ಗಾಜಿನ ಆಚೆ ಕೂತಿದ್ದರು.

ವಿಲ್ಲಿ ಅವರಿಗೆ ಆಗ ಐವತ್ತರ ಹತ್ತಿರ. ಎರಡು ಮದುವೆ ಮುರಿದು ಮೂರನೆಯ ಸಂಸಾರ ನಡೆದಿತ್ತು. ಊರೂರು ಅಲೆಯುವ ಬದುಕು. ಮನೆಯಲ್ಲಿ ಇರಬೇಕಾದ ಹೊತ್ತಿನಲ್ಲಿ ಇರದೇ ಹೋಗುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಡು ಪಿಯಾನೊದಿಂದ ಶುರುವಾಗುತ್ತದೆ. ಅವಸರ ಇಲ್ಲ. ಆಮೇಲೆ ದನಿ ಬರುತ್ತದೆ. ಒಂದು ಸಣ್ಣ ವ್ಯತ್ಯಾಸ ಗಮನಿಸಿ. ಎಲ್ವಿಸ್ ಶುರುಮಾಡುವುದು ತಾವು ನಡೆದುಕೊಂಡ ರೀತಿಯಿಂದ. ಪ್ರೀತಿಯ ಕೊರತೆ ಆಮೇಲೆ ಬರುತ್ತದೆ. ವಿಲ್ಲಿ ಈ ಕ್ರಮವನ್ನು ತಿರುಗಿಸುತ್ತಾರೆ. ಪ್ರೀತಿಸಬೇಕಾದಷ್ಟು ಪ್ರೀತಿಸಲಿಲ್ಲ ಎಂಬ ದೊಡ್ಡ ತಪ್ಪನ್ನು ಮೊದಲು ಒಪ್ಪಿಬಿಡುತ್ತಾರೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ನನಗೆ ಇದು ಸರಿಯಾದ ಕ್ರಮ ಅನ್ನಿಸುತ್ತದೆ. ದೊಡ್ಡದನ್ನು ಮುಚ್ಚಿಟ್ಟು ಚಿಕ್ಕದನ್ನು ಒಪ್ಪಿಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿರುವ ಜಾಣತನ. ಈ ಹಾಡಿನಲ್ಲಿ ಆ ಜಾಣತನ ಇಲ್ಲ.

ಇನ್ನು ನಾನು ನೆನಪಿನಲ್ಲಿಡಿ ಎಂದ ತೊಡಕು. ನೀನು ಮನಸ್ಸಿನಲ್ಲಿದ್ದೆ ಎಂಬ ಮಾತು. ಎಲ್ವಿಸ್ ಇದನ್ನು ಹಾಡುವಾಗ ಅದು ಸಾಕ್ಷಿ ಹೇಳಿದಂತಿದೆ. ನಂಬು, ಇದು ಸತ್ಯ ಎಂಬ ಒತ್ತಾಯ ಅದರಲ್ಲಿದೆ. ವಿಲ್ಲಿ ಹಾಡುವಾಗ ಒತ್ತಾಯ ಇಲ್ಲ. ರಾತ್ರಿ ತಡವಾಗಿ ಮನೆಗೆ ಬಂದವರು ಚಪ್ಪಲಿ ಬಿಡುತ್ತಾ, ಎದುರಿಗಿದ್ದವರ ಮುಖ ನೋಡದೆ ಆಡುವ ಮಾತಿನ ಹಾಗಿದೆ. ಈ ನೆಪ ಸಾಲದು ಎಂದು ಹೇಳುವವರಿಗೇ ಗೊತ್ತು. ಆದರೂ ಅದು ಸುಳ್ಳಲ್ಲ. ಸುಳ್ಳಲ್ಲದ ನೆಪ, ಆದರೆ ಸಾಲದ ನೆಪ. ಈ ಎರಡನ್ನೂ ಒಂದೇ ದನಿಯಲ್ಲಿ ಹಿಡಿಯುವುದು ಜೋರಾಗಿ ಹಾಡಿದರೆ ಆಗುವ ಕೆಲಸವಲ್ಲ. ಮೆಲ್ಲಗೆ ಹಾಡಿದಾಗಲೇ ಕಾರ್ಸನ್ ಅವರ ಫೋನ್ ಮಾತು ನೆಪದ ಮಟ್ಟದಿಂದ ಮೇಲೆದ್ದು ತಪ್ಪೊಪ್ಪಿಗೆ ಆಯಿತು.

ಬ್ರಿಡ್ಜ್ ಬಂದಾಗ ವಿಲ್ಲಿ ಏನು ಮಾಡುತ್ತಾರೆ? ಧಾಟಿ ಮೇಲೇರುತ್ತದೆ, ಅದನ್ನು ತಪ್ಪಿಸುವಂತಿಲ್ಲ. ವಾದ್ಯಗಳೂ ತುಂಬಿಕೊಳ್ಳುತ್ತವೆ. ಹಿಂದೆ ಬೇರೆ ದನಿಗಳೂ ಕೇಳುತ್ತವೆ. ಅವರ ದನಿಯೂ ಏರುತ್ತದೆ. ಆದರೆ ಏರಿದ ದನಿ ತೆಳುವಾಗುತ್ತದೆ. ಹಿಗ್ಗುವುದಿಲ್ಲ. ಇನ್ನೊಂದು ಅವಕಾಶ ಕೇಳುತ್ತಾರೆ, ಸಿಗುತ್ತದೆ ಎಂಬ ಭರವಸೆ ಆ ದನಿಯಲ್ಲಿ ಹೆಚ್ಚು ಇಲ್ಲ. ಕೇಳುವುದನ್ನು ಕೇಳಿ, ಮತ್ತೆ ತಮ್ಮ ತಪ್ಪುಗಳ ಪಟ್ಟಿಗೆ ಹಿಂತಿರುಗುತ್ತಾರೆ. ಎಲ್ವಿಸ್ ಅವರಲ್ಲಿ ಬ್ರಿಡ್ಜ್ ಹಾಡಿನ ಶಿಖರ. ವಿಲ್ಲಿ ಅವರಲ್ಲಿ ಅದು ದಾರಿಯಲ್ಲಿ ಸಿಕ್ಕ ಒಂದು ದಿಬ್ಬ, ಅಷ್ಟೇ.

ಆಗ ಎದುರಿಗಿದ್ದವರು ನಮಗೆ ಕಾಣಿಸುತ್ತಾರೆ. ಹಾಡಿನಲ್ಲಿ ಅವರ ಹೆಸರಿಲ್ಲ. ಅವರು ಒಂದು ಮಾತೂ ಆಡುವುದಿಲ್ಲ. ಆದರೆ ವಿಲ್ಲಿ ಸಾಲಿನ ನಡುವೆ ಬಿಡುವ ಆ ತಡೆ ಇದೆಯಲ್ಲ, ಅದು ಅವರ ಜಾಗ. ಅವರು ಕೇಳುತ್ತಿದ್ದಾರೆ. ಕ್ಷಮಿಸುತ್ತಾರೋ ಇಲ್ಲವೋ ತಿಳಿಯದು. ಕ್ಷಮಿಸಲೇಬೇಕು ಎಂಬ ಬಲವಂತವನ್ನು ಗಾಯಕರು ಅವರ ಮೇಲೆ ಹೇರುವುದಿಲ್ಲ. ಈ ಗೌರವವನ್ನು ನಾನು ತುಂಬಾ ಮೆಚ್ಚುತ್ತೇನೆ. ಅಗಲಿಕೆಯ ಹಾಡುಗಳಲ್ಲಿ ಗಾಯಕರ ದುಃಖಕ್ಕೆ ಜಾಗ ಇರುತ್ತದೆ. ನೊಂದ ಇನ್ನೊಬ್ಬರಿಗೆ ಜಾಗ ಸಿಗುವುದು ಅಪರೂಪ.

ವಿಲ್ಲಿ ಅವರ ಹಾಡಿಕೆಯಲ್ಲಿ ಒಪ್ಪಿಗೆ ಮುಂದಾಯಿತು, ಬೇಡಿಕೆ ಹಿಂದೆ ಸರಿಯಿತು ಎಂದೆ. ಹಾಗಾದರೆ ಮೆಲ್ಲನೆಯ ಹಾಡಿಕೆ ಒಂದೇ ಸರಿಯೇ? ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. 1987ರಲ್ಲಿ, ಎಲ್ವಿಸ್ ತೀರಿಕೊಂಡು ಹತ್ತು ವರ್ಷವಾದಾಗ, ಬ್ರಿಟನ್ನಿನ ಟಿ.ವಿ.ಯಲ್ಲಿ ಅವರ ನೆನಪಿಗೆ ಒಂದು ಕಾರ್ಯಕ್ರಮ ನಡೆಯಿತು. ಪೆಟ್ ಶಾಪ್ ಬಾಯ್ಸ್ ಎಂಬ ಇಬ್ಬರ ತಂಡ ಅದರಲ್ಲಿ ಇದೇ ಹಾಡನ್ನು ಯಂತ್ರದ ತಾಳಕ್ಕೆ, ಕುಣಿಯುವ ವೇಗದಲ್ಲಿ ಹಾಡಿತು. ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನ ಪಟ್ಟಿಯಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ದನಿಯಲ್ಲಿ ಭಾವವನ್ನೇ ತೋರಿಸದೆ ಹಾಡಿದ್ದಾರೆ. ಆ ಮಾತುಗಳನ್ನು ಆಡುವವರಿಗೆ ನಿಜಕ್ಕೂ ಪಶ್ಚಾತ್ತಾಪ ಇದೆಯೇ ಎಂಬ ಅನುಮಾನ ಬರುತ್ತದೆ. ಹಾಡಿನೊಳಗಿನ ಆ ತೊಡಕನ್ನು ಅವರು ಬೇರೆ ತುದಿಯಿಂದ ಹಿಡಿದರು. ಅದೂ ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಎದುರಿಗೆ ಯಾರೂ ಕೂತಿಲ್ಲ.

ಜನ ವಿಲ್ಲಿ ಅವರ ಹಾಡನ್ನು ಹೇಗೆ ತೆಗೆದುಕೊಂಡರು ಎಂಬುದನ್ನು ಬೇಗ ಹೇಳಿಬಿಡುತ್ತೇನೆ. 1982ರ ಮೇ ತಿಂಗಳಲ್ಲಿ ಅದು ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು. ಎಲ್ಲ ಬಗೆಯ ಹಾಡುಗಳ ಪಟ್ಟಿಯಲ್ಲಿ ಮೊದಲ ಐದರೊಳಗೆ ಬಂತು. ಈ ಹಾಡಿದ್ದ ಆಲ್ಬಂನ ಲಕ್ಷಗಟ್ಟಲೆ ಪ್ರತಿ ಖರ್ಚಾದವು. 1983ರ ಗ್ರ್ಯಾಮಿ ಸಮಾರಂಭದಲ್ಲಿ ವರ್ಷದ ಹಾಡು ಎಂಬ ಪ್ರಶಸ್ತಿ ಸಿಕ್ಕಿತು. ಈ ಪ್ರಶಸ್ತಿ ಗಾಯಕರಿಗಲ್ಲ, ಬರೆದವರಿಗೆ. ಕಾರ್ಸನ್, ಕ್ರಿಸ್ಟೋಫರ್, ಜೇಮ್ಸ್ ಮೂವರೂ ಪಡೆದರು. ವಿಲ್ಲಿ ಅವರಿಗೆ ಗಾಯನದ ಪ್ರಶಸ್ತಿ ಬೇರೆ ಬಂತು. ಕಂಟ್ರಿ ಸಂಗೀತದವರ ಸಂಘ 1982, 1983 ಎರಡೂ ವರ್ಷ ಇದನ್ನೇ ವರ್ಷದ ಹಾಡು ಎಂದು ಆರಿಸಿತು. 1972ರಲ್ಲಿ ಹೊರಬಂದ ಹಾಡಿಗೆ ಇಷ್ಟೆಲ್ಲ ಮನ್ನಣೆ. ಒಂದು ಹಾಡು ಬರೆದು ಮುಗಿದ ಮೇಲೂ ಅದಕ್ಕೆ ತಕ್ಕ ಕಂಠಕ್ಕಾಗಿ ಹತ್ತು ವರ್ಷ ಕಾಯಬೇಕಾಗಬಹುದು.

ಆಮೇಲಿನ ದಶಕಗಳಲ್ಲಿ ವಿಲ್ಲಿ ಈ ಹಾಡನ್ನು ವೇದಿಕೆಗಳಲ್ಲಿ ಹಾಡುತ್ತಲೇ ಬಂದರು. ಅವರ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದವರು ಅಕ್ಕ ಬಾಬಿ. 2022ರಲ್ಲಿ ತೀರಿಕೊಳ್ಳುವವರೆಗೂ ಬಾಬಿ ತಮ್ಮನ ತಂಡದವರಾಗಿಯೇ ಇದ್ದರು. ವಿಲ್ಲಿ ಸಾಲನ್ನು ಎಷ್ಟೇ ತಡವಾಗಿ ಎತ್ತಿದರೂ ಅಕ್ಕನ ಬೆರಳು ಗಲಿಬಿಲಿಗೊಳ್ಳುತ್ತಿರಲಿಲ್ಲ.

ಈ ಹಾಡನ್ನು ಕೇಳುವ ಮನಸ್ಸಾದವರಿಗೆ ಒಂದು ಸಲಹೆ. ಮೂರನ್ನು ಒಂದರ ಹಿಂದೆ ಒಂದು ಕೇಳಿ. ಮೊದಲು ಬ್ರೆಂಡಾ ಲೀ. ಆಮೇಲೆ ಎಲ್ವಿಸ್. ಕೊನೆಯಲ್ಲಿ ವಿಲ್ಲಿ. ಮೂರರಲ್ಲೂ ಬ್ರಿಡ್ಜ್ ಮುಗಿದು ಮತ್ತೆ ಚರಣಕ್ಕೆ ಇಳಿಯುವ ಜಾಗಕ್ಕೆ ಕಿವಿಗೊಡಿ. ವಿಲ್ಲಿ ಅವರದನ್ನು ಹಾಕಿದಾಗ ದನಿ ಕಡಿಮೆಯಾಯಿತೆಂದು ವಾಲ್ಯೂಮ್ ಏರಿಸಬೇಡಿ. ಸ್ಪೀಕರಿನ ಹತ್ತಿರಕ್ಕೆ ನೀವೇ ಸ್ವಲ್ಪ ಸರಿದು ಕೂತುಕೊಳ್ಳಿ.